ನೆರಳು ತೆಗೆಯುವ ಅಕ್ಕ

ಬೆಳಗಿನ ಆರು ಗಂಟೆ. ನೆಲಮಾಳಿಗೆಯ ಆ ಹಾಲ್‌ನಲ್ಲಿ ಇನ್ನೂ ದೀಪ ಹಾಕಿಲ್ಲ. ಸಾಲಾಗಿ ಇಟ್ಟ ಹತ್ತು ಕಂಪ್ಯೂಟರ್‌ಗಳಲ್ಲಿ ನಾಲ್ಕನೆಯದರ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದಾರೆ. ಪಕ್ಕದಲ್ಲೇ ಕುರ್ಚಿಯಿದೆ, ಕೂರುವುದಿಲ್ಲ. ಪರದೆಯ ಮೇಲೆ ಸೈನಿಕನೊಬ್ಬ ಹುಲ್ಲುಗಾವಲಿನಲ್ಲಿ ಓಡುತ್ತಿದ್ದಾನೆ; ನಾಲ್ಕು ಹೆಜ್ಜೆಗೊಮ್ಮೆ ಮುಗ್ಗರಿಸಿದಂತೆ ತಡವರಿಸುತ್ತಾನೆ. ಮೂಲೆಯಲ್ಲಿ ಒಂದು ಅಂಕಿ ಮೂವತ್ತೆಂಟು, ಮೂವತ್ತೊಂದು, ಮೂವತ್ನಾಲ್ಕು ಎಂದು ಕುಣಿಯುತ್ತಿದೆ. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎಂಬ ಲೆಕ್ಕ ಅದು. ಅದು ಕುಣಿದಷ್ಟೂ ಅವರ ಹೆಬ್ಬೆರಳು ರವಿಕೆಯ ತೋಳಿನ ಅಂಚನ್ನು ಹೊಸೆಯುತ್ತದೆ.

"ಬೆಳಗ್ಗೆಬೆಳಗ್ಗೇನೇ ಇದಕ್ಕೆ ಉಬ್ಬಸ," ಎನ್ನುತ್ತಾ ಆಟದ ಸೆಟ್ಟಿಂಗ್ಸ್ ತೆರೆಯುತ್ತಾರೆ. ಮರದ ನೆರಳು ಹೋಗುತ್ತದೆ, ಸೈನಿಕನ ನೆರಳೂ ಹೋಗುತ್ತದೆ. ಅಂಕಿ ನಲವತ್ತೆರಡಕ್ಕೆ ಏರುತ್ತದೆ.

ಇಲ್ಲಿ ಆಡಲು ಬರುವವರಿಗೆಲ್ಲ ಇವರು ನೆರಳಕ್ಕ. ಹಾಲ್ ಇವರ ಅಕ್ಕನ ಗಂಡನದು. ಆಟಗಳು ವರ್ಷವರ್ಷಕ್ಕೂ ಭಾರವಾಗುತ್ತವೆ, ಯಂತ್ರಗಳು ಮಾತ್ರ ಅವೇ. ಹೊಸ ಆಟ ಬಂದರೆ ಹತ್ತು ಯಂತ್ರಕ್ಕೂ ಬೇರೆ ಬೇರೆ ಅಳತೆ ಹಿಡಿಯಬೇಕು. ಮೂರು ಬೆಳಗು ಬೇಕೇ ಬೇಕು. ಹನ್ನೊಂದು ವರ್ಷದಿಂದ ಇದೇ ಕೆಲಸ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಹೊಲಿಗೆ. ಸಿದ್ಧ ಉಡುಪು ಬಂದು ಅಂಗಡಿ ಮುಚ್ಚಿತು.

"ಬಟ್ಟೇಲೂ ಹಿಂಗೇನೇ. ಎಲ್ಲಿ ಕತ್ತರಿಸಿದ್ರೆ ಕಣ್ಣಿಗೆ ಬೀಳಲ್ಲ ಅಂತ ಗೊತ್ತಿರ್ಬೇಕು. ನೀರಲ್ಲಿ ಆಕಾಶ ಕಾಣ್ದಿದ್ರೆ ಯಾರೂ ಅಳಲ್ಲ. ಗುಂಡು ಹಾರೋದು ಒಂಚೂರು ತಡ ಆಗ್ಲಿ, ಊರು ಒಂದು ಮಾಡ್ತಾರೆ!"

ಹೋದ ತಿಂಗಳು ಅವರು ಕತ್ತರಿಸಬಾರದ ಕಡೆ ಕತ್ತರಿಸಿಬಿಟ್ಟರು. ಪಂದ್ಯದ ಕೊನೆಯ ಸುತ್ತು. ನಾಲ್ಕನೇ ಯಂತ್ರ ಏದುಸಿರು ಬಿಡುತ್ತಿದೆಯೆಂದು ಅದೊಂದರಲ್ಲೇ ಹುಲ್ಲು ತೆಗೆದರು. ಉಳಿದ ಒಂಬತ್ತು ಪರದೆಗಳಲ್ಲಿ ಎದೆಯೆತ್ತರದ ಹುಲ್ಲು, ಇದರಲ್ಲಿ ಬೋಳು ನೆಲ. ಹುಲ್ಲಿನಲ್ಲಿ ಅಡಗಿದ್ದ ಎದುರಾಳಿಗಳೆಲ್ಲ ನಾಲ್ಕನೆಯವನ ಕಣ್ಣಿಗೆ ಬಯಲಲ್ಲಿ ಮಲಗಿದಂತೆ ಕಂಡರು. ಗಲಾಟೆಯಾಯಿತು. ಪಂದ್ಯ ರದ್ದಾಯಿತು. ಇವತ್ತು ಹತ್ತು ಗಂಟೆಗೆ ಮರುಪಂದ್ಯ.

ಏಳಕ್ಕೆ ಮಾಲೀಕರು ಮೆಟ್ಟಿಲಿಳಿದು ಬರುತ್ತಾರೆ. "ಏನಮ್ಮಾ, ಇವತ್ತಾದ್ರೂ ಹುಲ್ಲು ಬಿಟ್ಟಿದೀಯೋ, ಪೂರ್ತಿ ಮೇಯಿಸಿಬಿಟ್ಟಿದೀಯೋ?"

"ನೀವು ಈಗ ತಾನೆ ಬಂದ್ರಲ್ಲ ಭಾವ, ಅದಕ್ಕೇ ಇನ್ನೂ ಉಳಿದಿದೆ."

ಭಾವ ನಗುತ್ತಾರೆ. ಆಮೇಲೆ ನಾಲ್ಕನೆಯದರ ಮೇಲೆ ಕೈಯಿಡುತ್ತಾರೆ. "ಇನ್ನೊಂದ್ಸಲ ಹಂಗಾದ್ರೆ ನನ್ ಕೈಲಾಗಲ್ಲಮ್ಮಾ. ಹೊರಗಿನ ಮೆಕ್ಯಾನಿಕ್‌ನ ಇಟ್ಕೋತೀನಿ."

ನೆರಳಕ್ಕ ಆ ಯಂತ್ರದ ಮುಚ್ಚಳ ಬಿಚ್ಚಿ ಬ್ರಷ್‌ನಿಂದ ಧೂಳು ತೆಗೆಯುತ್ತಾರೆ. ಹುಲ್ಲು ಮುಟ್ಟದೆ, ನೀರಿನ ಹೊಳಪು ಇಳಿಸುತ್ತಾರೆ, ದೂರದ ಬೆಟ್ಟಗಳನ್ನು ಮಸುಕಾಗಿಸುತ್ತಾರೆ. ಅಂಕಿ ನಲವತ್ತೈದಕ್ಕೆ ಬಂದು ನಿಲ್ಲುತ್ತದೆ, ಮೇಲೇರುವುದಿಲ್ಲ. ಉಳಿದವು ಎಂಬತ್ತರಲ್ಲಿ ಓಡುತ್ತಿವೆ. ಅವರು ಸಾಲಿನುದ್ದಕ್ಕೂ ಎರಡು ಸಲ ಓಡಾಡುತ್ತಾರೆ. ಆಮೇಲೆ ಒಂದೊಂದೇ ಯಂತ್ರದ ಮುಂದೆ ನಿಂತು ಒಂಬತ್ತೂ ನಲವತ್ತೈದು ದಾಟದಂತೆ ಕಡಿವಾಣ ಹಾಕುತ್ತಾರೆ.

"ಮುದುಕಿ ಜೊತೆ ಹೊರಟ ಮೇಲೆ ಎಲ್ರೂ ಮುದುಕಿ ನಡಿಗೇಲೇ ನಡೀಬೇಕು."

ಪಂದ್ಯ ಶುರುವಾಗುತ್ತದೆ. ಕೈಯಲ್ಲಿ ಹಿಡಿದ ಟೀ ಆರಿ ತಣ್ಣಗಾಗಿದೆ. ನಾಲ್ಕನೆಯವನ ಬೆನ್ನ ಹಿಂದೆ ನಿಂತ ಅವರು ಆಟ ನೋಡುತ್ತಿಲ್ಲ, ಮೂಲೆಯ ಅಂಕಿ ನೋಡುತ್ತಿದ್ದಾರೆ. ಕೊನೆಯ ನಿಮಿಷದಲ್ಲಿ ಯಾರೋ ಹೊಗೆಬಾಂಬ್ ಎಸೆಯುತ್ತಾರೆ. ಹೊಗೆ ಯಂತ್ರಕ್ಕೆ ಭಾರ. ನಲವತ್ತೈದು. ನಲವತ್ನಾಲ್ಕು. ಮತ್ತೆ ನಲವತ್ತೈದು.

ನಾಲ್ಕನೆಯವನು ಸೋಲುತ್ತಾನೆ. ಕುರ್ಚಿ ಹಿಂದಕ್ಕೆ ತಳ್ಳಿ ಏಳುತ್ತಾನೆ. ನೆರಳಕ್ಕನ ಹೆಬ್ಬೆರಳು ತೋಳಿನ ಅಂಚನ್ನು ಹೊಸೆಯುತ್ತಿದೆ. ಅವನು ಹಣೆ ಚಚ್ಚಿಕೊಳ್ಳುತ್ತಾನೆ: "ಥೂ, ನನ್ ಕೈಯೇ ನಡುಗಿಬಿಡ್ತಲ್ಲಪ್ಪಾ!"

ಹೆಬ್ಬೆರಳು ತೋಳಿನ ಅಂಚನ್ನು ಬಿಡುತ್ತದೆ.

ಹಾಲ್ ಖಾಲಿಯಾದ ಮೇಲೆ, ಏನಾದರೂ ಆಸೆಯಿದೆಯೇ ಎಂದು ಭಾವ ಕೇಳಿದರೆ ಪರದೆಯ ಕಡೆ ಕೈ ತೋರಿಸುತ್ತಾರೆ. "ಒಂದಿನ ಎಲ್ಲಾ ನೆರಳೂ ಹಾಕಿ, ಆ ಹುಲ್ಲಲ್ಲಿ ಸುಮ್ನೆ ನಡ್ಕೊಂಡು ಹೋಗ್ಬೇಕು. ಗುಂಡುಗಿಂಡು ಏನೂ ಬೇಡ."

"ಎಲ್ಲಾ ಸರಿಹೋಯ್ತಲ್ಲ, ಕೂತ್ಕೋಬಾರದೇನಮ್ಮಾ?" ಭಾವ ಕುರ್ಚಿ ಎಳೆದು ಹಾಕುತ್ತಾರೆ.

"ಹೊಗೆ ಬಂದಾಗ ಒಂದ್ಸಲ ನಲವತ್ನಾಲ್ಕಾಯ್ತು ಭಾವ," ಎನ್ನುತ್ತಾ ನೆರಳಕ್ಕ ಮುಚ್ಚಳದ ತಿರುಪು ಸಡಿಲಿಸುತ್ತಾರೆ. "ಅದ್ಯಾಕೆ ಅಂತ ನೋಡ್ಬಿಡ್ತೀನಿ."