ಅಣ್ಣನ ಭುಜದ ಹಸಿರು ಅಂಕಿ

ಕೈ ಅಲ್ಲಾಡಿಸದೆ ಕೂತು ಅಳೆದುಕೋ ಎಂದು ಅಣ್ಣನಿಗೆ ನಾನು ಹೇಳಿದೆನೋ, ಅವನೇ ಹಾಗೆ ಕೂರುತ್ತಿದ್ದನೋ, ಈಗ ಖಚಿತವಾಗಿ ಹೇಳಲಾರೆ. ಹೇಳಿಲ್ಲವೆಂದೇ ನನ್ನ ನೆನಪು. ಆದರೆ ನನಗೆ ಅನುಕೂಲವಾಗುವ ನೆನಪುಗಳನ್ನು ನಾನು ಸುಲಭವಾಗಿ ನಂಬುವುದಿಲ್ಲ.

ಶಾಂತಿಗ್ರಾಮದ ಹತ್ತಿರ ಅಣ್ಣನಿಗೆ ನಾಲ್ಕು ಹಸುಗಳಿದ್ದವು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಭುಜದ ಸ್ನಾಯು ಹರಿದುಕೊಂಡ. ಹಾಸನದಲ್ಲಿ ಆಪರೇಷನ್ ಆಯಿತು. ಹೊಲಿಗೆಯ ಪಕ್ಕದಲ್ಲೇ ಅಕ್ಕಿಕಾಳಿನಷ್ಟು ಸೆನ್ಸರ್ ಕೂರಿಸುವ ಪ್ರಯೋಗವೊಂದು ಅಲ್ಲಿ ನಡೆಯುತ್ತಿತ್ತು. ಹೊಲಿದ ಜಾಗದ ಮೇಲೆ ಎಷ್ಟು ಎಳೆತ ಬೀಳುತ್ತಿದೆಯೆಂದು ಅದು ಹೇಳುತ್ತದೆ. ಭುಜಕ್ಕೆ ಪುಟ್ಟ ಯಂತ್ರವೊಂದನ್ನು ಹಿಡಿದರೆ ಫೋನಿನಲ್ಲಿ ಅಂಕಿ ಬರುತ್ತದೆ. ಹಸಿರಾದರೆ ಸರಿ, ಕೆಂಪಾದರೆ ಎಳೆತ ಹೆಚ್ಚು. ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಹೊಳೆನರಸೀಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನೇ ಅವುಗಳ ವ್ಯವಹಾರ ನೋಡಿಕೊಂಡೆ.

ದಿನಾ ಬೆಳಿಗ್ಗೆ ಐದಕ್ಕೆ, ಕೊಟ್ಟಿಗೆಗೆ ಹೋಗುವ ಮೊದಲು, ಅಣ್ಣ ಜಗಲಿಯಲ್ಲಿ ಕೂತು ಅಳೆದು ನನಗೆ ಕಳಿಸುತ್ತಿದ್ದ. ನಾನು ಗ್ರಾಫ್ ಬರೆಯುತ್ತಿದ್ದೆ. ಎಲ್ಲವೂ ಹಸಿರು. ಏಳನೇ ವಾರ ಫೋನ್ ಮಾಡಿದ.

"ಹಾಲು ಕರೀತಾ ಇವ್ನಿ ಕಣ್ಲಾ. ಆ ಕರೀ ಹಸ ನಿಮ್ಮತ್ತಿಗೆ ಕೈ ಇಟ್ರೆ ಒದೀತದೆ. ಆದ್ರೆ ಭುಜ ಒಳಗೊಳಗೇ ಉರೀತದೆ."

"ಅಂಕಿ ಏನ್ ಬಂತು?"

"ಹಸ್ರೇ ಕಣಪ್ಪ."

"ಹಾಗಾದ್ರೆ ಏನೂ ಆಗಿಲ್ಲ. ನಿಂಗೆ ಹೆದರಿಕೆ ಅಷ್ಟೆ."

"ಭುಜ ನಂದು, ಗೊತ್ತಾಗಾದು ನಿಂಗೆ. ಓದಿರೋನು ನೋಡು," ಎಂದು ನಕ್ಕ.

ಈ ಮಾತುಕತೆ ಮಾತ್ರ ಮರೆಯುವುದಿಲ್ಲ. ಎಷ್ಟನ್ನೋ ಅನುಮಾನಿಸುವ ನಾನು ಆ ದಿನ ಅನುಮಾನಿಸಿದ್ದು ಅವನ ನೋವನ್ನು.

ಮರುವಾರ ಡೈರಿಗೆ ಹಾಲಿನ ಕ್ಯಾನ್ ಎತ್ತುವಾಗ ಅವನ ಕೈ ಸತ್ತಂತೆ ಜೋತುಬಿತ್ತು. ಡಾಕ್ಟರು ಅಂಕಿಗಳನ್ನು ನೋಡಿ, "ಇವೆಲ್ಲ ಸುಮ್ನೆ ಕೂತಾಗಿನವು. ಹಾಲು ಕರೆಯುವಾಗಿನದು ಒಂದೂ ಇಲ್ವಲ್ಲ ಸಾರ್?" ಎಂದು ನನ್ನನ್ನು ಕೇಳಿದರು. ಸ್ನಾಯುವಿನ ಅಂಚು ಜೂಲುಜೂಲಾಗಿತ್ತು. ಮತ್ತೆ ಹೊಲಿಯಲು ಬರುವುದಿಲ್ಲವೆಂದರು.

ಒಂದೇ ಹೊತ್ತಿನಲ್ಲಿ, ಒಂದೇ ಸ್ಥಿತಿಯಲ್ಲಿ ಅಳೆಯಬೇಕೆಂದು ಲ್ಯಾಬಿನಲ್ಲಿ ವರ್ಷವರ್ಷವೂ ಹೇಳಿಕೊಡುವವನು ನಾನು. ಅಣ್ಣನಿಗೂ ಅದನ್ನೇ ಹೇಳಿರಬಹುದು. ಕೇಳಿದರೆ, "ನಿಂದೇನ್ ತಪ್ಪಿಲ್ಲ ಬುಡ್ಲಾ" ಎನ್ನುತ್ತಾನೆ. ಬೈದಿದ್ದರೆ ವಾಸಿಯಿತ್ತು. ಕರೀ ಹಸು ಈಗ ಹಿರೀಸಾವೆಯ ಕಡೆ ಯಾರದೋ ಮನೆಯಲ್ಲಿದೆ. ಅಣ್ಣ ಅಂಗಿ ಹಾಕಿಕೊಳ್ಳಲು ಅತ್ತಿಗೆಯನ್ನು ಕರೆಯುತ್ತಾನೆ.

ಕಳೆದ ತಿಂಗಳು ಆಸ್ಪತ್ರೆಯಿಂದ ಆ ಕಾಗದಗಳ ಪ್ರತಿ ತರಿಸಿ ನೋಡಿದೆ. ವಿಶ್ರಾಂತಿಯಲ್ಲಿದ್ದಾಗ ಅಲ್ಲ, ಕೈಯಿಂದ ಕೆಲಸ ಮಾಡುವಾಗಲೇ ಅಳೆಯಬೇಕೆಂದು ಎರಡನೇ ಪುಟದಲ್ಲಿ ಸ್ಪಷ್ಟವಾಗಿದೆ. ಅದರ ಕೆಳಗೆ, ಇದನ್ನು ಓದಿ ರೋಗಿಗೆ ಅವರ ಭಾಷೆಯಲ್ಲಿ ವಿವರಿಸಿದ್ದೇನೆ ಎಂಬ ಸಾಲಿನ ಮುಂದೆ ಇರುವ ಸಹಿ ನನ್ನದು.