ಕಿವಿಯ ಹೂವು, ದುಂಡು ಹೂವು

ಗಣೇಶನ ಹಬ್ಬದ ಬೆಳಿಗ್ಗೆ ಮಧುಗಿರಿಯ ನಮ್ಮ ಬೀದಿಯಲ್ಲಿ ಅಮಲ್ದಾರರ ಮನೆಯಿಂದ ಹಿಡಿದು ನಮ್ಮ ಮನೆವರೆಗೂ ಪೂಜೆಗೆ ಪತ್ರೆ ತಂದುಕೊಡುತ್ತಿದ್ದವರು ಪಕ್ಕದ ಮನೆಯ ಅಜ್ಜ. ಬೆಟ್ಟದ ತಪ್ಪಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಆರಿಸಿ, ಬಾಳೆನಾರಿನಲ್ಲಿ ಕಟ್ಟಿ ತರುತ್ತಿದ್ದರು. ಅಲ್ಲಿ ವಿಷ್ಣುಕ್ರಾಂತಿಯೂ ಕನ್ನೆಸೊಪ್ಪೂ ಒಂದರ ಪಕ್ಕ ಒಂದು ನೀಲಿ ಹೂ ಬಿಡುತ್ತವೆ. ಗುರುತು ಹೇಗೆಂದು ಕೇಳಿದವರಿಗೆಲ್ಲ ಅಜ್ಜನದು ಒಂದೇ ಮಾತು: "ಕಿವಿ ಇದ್ರೆ ದನಕ್ಕೆ, ದುಂಡಗಿದ್ರೆ ದ್ಯಾವ್ರಿಗೆ ಕಣವ್ವ." ಕನ್ನೆಯ ಹೂವಿನಲ್ಲಿ ಎರಡು ಎಸಳು ಇಲಿಯ ಕಿವಿಯ ಹಾಗೆ ಎದ್ದು ನಿಂತಿರುತ್ತವೆ.

ಕಣ್ಣಿಗೆ ಪೊರೆ ಬಂದ ವರ್ಷ ಅವರು ತಂದ ಕಟ್ಟಿನಲ್ಲಿ ವಿಷ್ಣುಕ್ರಾಂತಿಯ ಬದಲು ಬರೀ ಕಿವಿಯ ಹೂವೇ ಇತ್ತು. ಅವ್ವ ಅದನ್ನು ತೆಗೆದುಕೊಂಡಳು. ಅವರು ಅತ್ತ ಹೋದದ್ದೇ ಕಟ್ಟನ್ನು ಹಾಗೇ ಹಸುವಿನ ಗೋದಲಿಗೆ ಹಾಕಿದಳು. "ಹಬ್ಬದ ದಿನ ಅಜ್ಜನ ಮನಸ್ಸು ಯಾಕೆ ನೋಯಿಸಾನ, ಬುಡು. ನೀನೇ ಹೋಗಿ ಕಿತ್ಕೊಂಡ್ ಬಾ" ಅಂದಳು. ನಾನು ಬೆಟ್ಟದ ಕಡೆ ಓಡಿದೆ.

ಪೂಜೆ ಮುಗಿದು ಕಡುಬು ತಿನ್ನಲು ಕರೆದಾಗ ಅಜ್ಜ ಎಂದಿನಂತೆ ಮೊದಲು ಹಸುವಿನ ಗಂಗೆದೊಗಲು ಸವರಲು ಹೋದರು. ಗೋದಲಿಯಲ್ಲಿ ಅವರ ಕೈಗೆ ಬಾಳೆನಾರಿನ ಗಂಟು ಸಿಕ್ಕಿತು. ಅದನ್ನು ಬೆರಳಿನಿಂದ ತಡವಿ ತಡವಿ ನೋಡಿದರು. ಕೈಗೆ ನೀರು ಹಾಕಲು ಚೊಂಬು ಹಿಡಿದು ಬಂದ ಅವ್ವ ಅಲ್ಲೇ ನಿಂತುಬಿಟ್ಟಳು.

ಅಜ್ಜ ನಿಧಾನವಾಗಿ ಗಂಟು ಬಿಚ್ಚಿ, ಉಳಿದ ಸೊಪ್ಪನ್ನು ಹಸುವಿನ ಬಾಯಿಗೆ ಹಿಡಿದರು. ನಮಗೆಲ್ಲ ಕೇಳುವ ಹಾಗೆ, "ತಿನ್ನವ್ವ, ನಿಂಗೇ ಅಂತ ತಂದಿದ್ದು" ಅಂದರು.

ಅವ್ವ ನೀರು ಹಾಕಿದಳು, ಅವರು ಕೈ ತೊಳೆದರು. ಇಬ್ಬರೂ ತಲೆ ಎತ್ತಲಿಲ್ಲ.