ಹಿಂದಿನ ಸೀಟಿನ ಮೇಲ್ವಿಚಾರಕ

ದಿಬ್ಬದ ಮರೆಯಿಂದ ಮೀನು ಹಿಡಿಯುವವರ ತೆಪ್ಪವೊಂದು ಎದುರಿಗೇ ಬಂದುಬಿಟ್ಟಿತು. ನೀರಿನ ಮೇಲೆ ಓಡುವ ಸ್ಕೂಟರಿನಂಥ ನಮ್ಮ ಜೆಟ್ ಸ್ಕೀ ನೆಟ್ಟಗೆ ಅದರತ್ತ ನುಗ್ಗುತ್ತಿತ್ತು. ಓಡಿಸುತ್ತಿದ್ದವಳು ಹದಿನಾರರ ನನ್ನ ಮಗಳು ಸಿಂಚನ. ಹದಿಹರೆಯದವರ ಹಿಂದೆ ಮನೆಯ ದೊಡ್ಡವರೊಬ್ಬರು ಕೂರಲೇಬೇಕೆಂಬುದು ಜೆಟ್ ಸ್ಕೀ ಬಾಡಿಗೆಗೆ ಕೊಡುವವರ ನಿಯಮ. ಹಾಗಾಗಿ ಅವಳ ಜಾಕೆಟ್ ಹಿಡಿದು ಕೂತಿದ್ದ ಮೇಲ್ವಿಚಾರಕ ನಾನು.

“ಎಕ್ಸಲೇಟರ್ ಬುಡವ್ವಾ, ಬುಡು!” ಎಂದು ಕನ್ನಂಬಾಡಿ ಹಿನ್ನೀರೇ ನಡುಗುವಂತೆ ಕಿರುಚಿದೆ. ಪಾಂಡವಪುರದ ರಸ್ತೆಯಲ್ಲಿ ಬೈಕಿಗೆ ಹಸು ಅಡ್ಡ ಬಂದರೆ ನಾನು ಮೊದಲು ಬಿಡುವುದು ಅದನ್ನೇ.

“ಸುಮ್ಕಿರಪ್ಪೋ! ಬುಟ್ರೆ ಇದು ತಿರುಗಾಕಿಲ್ಲ!” ಎಂದವಳೇ, ಎಕ್ಸಲೇಟರನ್ನು ಹದವಾಗಿ ಹಿಡಿದುಕೊಂಡೇ ಹ್ಯಾಂಡಲ್ ತಿರುಗಿಸಿದಳು. ತೆಪ್ಪ ಪಕ್ಕದಲ್ಲಿ ಸರಿದುಹೋಯಿತು.

ಅಲೆಗೆ ಓಲಾಡುತ್ತಿದ್ದ ತೆಪ್ಪದಿಂದ ಹೆಂಗಸೊಬ್ಬಳು ಕೂಗಿದಳು: “ನೀನು ಸರ್ಯಾಗೇ ಓಡಿಸ್ತಿದ್ದೀಯ ಕಣವ್ವ, ಇಂದ್ಗಡೆ ಕುಂತಿರೋ ಅಣ್ಣನ ಬಾಯಿ ಕಟ್ಟಾಕು!”

ಹಿಂದೆ ಚಿಮ್ಮುವ ನೀರೇ ಈ ವಾಹನವನ್ನು ತಿರುಗಿಸುವುದಂತೆ. ಎಕ್ಸಲೇಟರ್ ಪೂರ್ತಿ ಬಿಟ್ಟರೆ ಹ್ಯಾಂಡಲ್ ಎತ್ತ ತಿರುಗಿಸಿದರೂ ನೇರಕ್ಕೇ ಜಾರುತ್ತದಂತೆ. ಹೊರಡುವ ಮುಂಚೆ ತರಬೇತುದಾರರು ಇದನ್ನು ಇಬ್ಬರಿಗೂ ಹೇಳಿದ್ದರು. ಆಗ ನಾನು ಮಗಳ ಲೈಫ್ ಜಾಕೆಟ್ಟಿನ ಬಕಲ್‌ಗಳನ್ನು ಮತ್ತೆ ಮತ್ತೆ ಎಳೆದು ನೋಡುವುದರಲ್ಲಿದ್ದೆ.

ದಡ ಸೇರಿದ ಮೇಲೆ ಸಿಂಚನ “ಇನ್ನೊಂದು ರೌಂಡು ಓಗನಾ ಅಪ್ಪ?” ಎಂದಳು. ಬೇಡವೆನ್ನಲು ತೆರೆದ ಬಾಯಿ ಮುಚ್ಚಿಕೊಂಡು, ಮೊದಲು ತರಬೇತುದಾರರಿಂದ ಪಾಠವನ್ನೆಲ್ಲ ಮತ್ತೆ ಹೇಳಿಸಿಕೊಂಡೆ. ಆಮೇಲೆ ಅವಳ ಹಿಂದೆ ಹತ್ತಿ, “ತೆಪ್ಪಗಳಿಂದ ದೂರ ಓಗವ್ವ” ಎಂದೆ. ಈ ಸಲ ನನ್ನ ಮಾತು ಕೇಳಿದಳು.